ಕಾಂಡಕೋಶ ಎಂದು ಒಪ್ಪಿಕೊಳ್ಳುವ ಮುನ್ನ: ಮೂಳೆಮಜ್ಜೆಯಿಂದ ಎರಡನೇ ಕಸಿಯವರೆಗೆ

ರಕ್ತ ಹುಟ್ಟಿಸುವ ಕಾಂಡಕೋಶವನ್ನು ಸೂಕ್ಷ್ಮದರ್ಶಕದಡಿ ನೋಡಿ ಗುರುತಿಸಲು ಆಗುವುದಿಲ್ಲ. ಸಣ್ಣ ದುಂಡು ಕೋಶ, ಅದರ ಬಹುಪಾಲು ಕೋಶಕೇಂದ್ರ, ಸುತ್ತ ತೆಳುವಾದ ಕೋಶದ್ರವ್ಯ. ಪಕ್ಕದಲ್ಲಿ ಸಾಧಾರಣ ಲಿಂಫೋಸೈಟ್ ಒಂದನ್ನು ಇಟ್ಟರೆ ಯಾವುದು ಯಾವುದೆಂದು ಹೇಳಲು ಬಾರದು. ಅದು ಕಾಂಡಕೋಶ ಹೌದೆನ್ನಲು ಎರಡು ಕೆಲಸ ಮಾಡಿ ತೋರಿಸಬೇಕು. ಕೆಂಪು ಕಣ, ಪ್ಲೇಟ್‌ಲೆಟ್, ನ್ಯೂಟ್ರೋಫಿಲ್, ಮೊನೊಸೈಟ್, ಬಿ ಕೋಶ, ಟಿ ಕೋಶ ಇವೆಲ್ಲವನ್ನೂ ತಿಂಗಳುಗಟ್ಟಲೆ ಹುಟ್ಟಿಸುತ್ತಿರಬೇಕು; ಇದು ವಿಭೇದನ. ಹಾಗೆ ಹುಟ್ಟಿಸುತ್ತಲೇ ತನ್ನಂಥದ್ದೇ ಕೋಶವನ್ನು ಉಳಿಸಿಕೊಂಡಿರಬೇಕು, ಇದು ಸ್ವನವೀಕರಣ. ಒಂದು ಗುಣ ಈ ಕೋಶದಲ್ಲಿ, ಇನ್ನೊಂದು ಆ ಕೋಶದಲ್ಲಿ ಕಂಡರೆ ಸಾಲದು. ಎರಡೂ ಒಂದೇ ಕೋಶದ್ದೆಂದು ಖಾತ್ರಿಯಾಗಬೇಕು. ಆ ಖಾತ್ರಿ ಸಿಗುವ ಹೊತ್ತಿಗೆ ನಾವು ಹೆಕ್ಕಿದ್ದ ಕೋಶ ಎಂದೋ ವಿಭಜನೆಗೊಂಡು ಇಲ್ಲವಾಗಿರುತ್ತದೆ. ಬೆಂಚಿನ ಮೇಲೆ ನಾವು ಮಾಡುವ ಪ್ರತಿಯೊಂದು ಕೆಲಸವೂ ಈ ತೊಡಕಿನ ಸುತ್ತಲೇ ಸುತ್ತುತ್ತದೆ.

ವಯಸ್ಕ ಮನುಷ್ಯನ ದೇಹದಲ್ಲಿ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳು ಹುಟ್ಟುತ್ತವೆ. ಇಷ್ಟು ಉತ್ಪಾದನೆಯನ್ನು ಕಾಂಡಕೋಶಗಳು ತಾವೇ ಮಾಡುವುದಿಲ್ಲ. ಅವು ಬಹುಕಾಲ ಸುಮ್ಮನೆ ಕೂತಿರುತ್ತವೆ, ಅಪರೂಪಕ್ಕೊಮ್ಮೆ ವಿಭಜಿಸುತ್ತವೆ. ಅವುಗಳಿಂದ ಹೊರಟ ಪ್ರೊಜೆನಿಟರ್ ಕೋಶಗಳು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಾ ಹೋಗಿ ಸಂಖ್ಯೆಯನ್ನು ತುಂಬಿಕೊಡುತ್ತವೆ. ಈ ಪ್ರೊಜೆನಿಟರ್‌ಗಳೇ ನಮ್ಮನ್ನು ಮೋಸಗೊಳಿಸುವವು. ಕೆಲವು ವಾರಗಳ ಮಟ್ಟಿಗೆ ಅವು ಕಾಂಡಕೋಶದಂತೆಯೇ ವರ್ತಿಸುತ್ತವೆ, ನಂತರ ಬರಿದಾಗುತ್ತವೆ.

ಕೆಲಸ ಶುರುವಾಗುವುದು ಇಲಿಯ ಆಯ್ಕೆಯಿಂದ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಯಲ್ಲಿದ್ದ ಮೇಲೆ, 8ರಿಂದ 12 ವಾರದ ಸಿ57ಬ್ಲ್ಯಾಕ್/6 ತಳಿಯ ಇಲಿಗಳನ್ನು ತೆಗೆದುಕೊಳ್ಳುತ್ತೇವೆ. ತಳಿ ಯಾವುದಾದರೂ ನಡೆಯುತ್ತದೆ ಎಂದುಕೊಳ್ಳಬಾರದು. ನಾವು ಹುಡುಕಲು ನೆಚ್ಚುವ ಸ್ಕಾ-1 ಎಂಬ ಹೊರಮೈ ಪ್ರೋಟೀನ್ ಬಾಲ್ಬ್/ಸಿ ತಳಿಯ ಕಾಂಡಕೋಶಗಳಲ್ಲಿ ತೀರ ಕಡಿಮೆ. ಬ್ಲ್ಯಾಕ್/6ಕ್ಕೆ ಬರೆದ ವಿಧಾನವನ್ನು ಅಲ್ಲಿ ಹಾಗೆಯೇ ನಡೆಸಿದರೆ ಇರುವ ಕಾಂಡಕೋಶಗಳೇ ಲೆಕ್ಕದಿಂದ ಜಾರುತ್ತವೆ. ಇಲಿಯ ಆರೋಗ್ಯವೂ ಅಷ್ಟೇ ಮುಖ್ಯ. ಸೋಂಕು ತಗುಲಿದ ಇಲಿಯಲ್ಲಿ ಇಂಟರ್‌ಫೆರಾನ್ ಎಂಬ ರಕ್ಷಣಾ ಸಂಕೇತದ ಪ್ರೋಟೀನ್ ಏರಿರುತ್ತದೆ, ಇಂಟರ್‌ಫೆರಾನ್ ಸ್ಕಾ-1 ಅನ್ನು ಏರಿಸುತ್ತದೆ. ಆಗ ಸ್ಕಾ-1 ಇಲ್ಲದ ಸಾಧಾರಣ ಪ್ರೊಜೆನಿಟರ್‌ಗಳು ಕೂಡ ಅದನ್ನು ಹೊತ್ತು ಕಾಂಡಕೋಶದ ಚೌಕಕ್ಕೆ, ಅಂದರೆ ಹೊಳಪು ಅಳೆದು ಕೋಶ ವಿಂಗಡಿಸುವ ಯಂತ್ರದ ಪಟದಲ್ಲಿ ಕಾಂಡಕೋಶಗಳಿಗೆಂದು ಎಳೆದ ಗೆರೆಯೊಳಕ್ಕೆ, ನುಗ್ಗುತ್ತವೆ. ಕಾಂಡಕೋಶಗಳು ಹತ್ತು ಪಟ್ಟು ಹೆಚ್ಚಿವೆ ಎಂಬ ಸುಳ್ಳು ಸಂತಸ ಹುಟ್ಟುತ್ತದೆ. 5-ಫ್ಲೋರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟ ಇಲಿಯಲ್ಲಿ ಇದರ ತಿರುವುಮುರುವು: ನಾವು ನೆಚ್ಚುವ ಇನ್ನೊಂದು ಹೊರಮೈ ಗುರುತಾದ ಸಿ-ಕಿಟ್ ಪ್ರೋಟೀನ್ ಕುಸಿಯುತ್ತದೆ, ಕಾಂಡಕೋಶಗಳು ಇದ್ದರೂ ಕಾಣುವುದಿಲ್ಲ. ಹೊರಮೈ ಗುರುತುಗಳನ್ನು ನೆಮ್ಮದಿಯಾಗಿರುವ ಆರೋಗ್ಯವಂತ ಮಜ್ಜೆಯಲ್ಲಿ ಕಂಡುಕೊಂಡದ್ದು, ಆಘಾತಕ್ಕೊಳಗಾದ ಮಜ್ಜೆಗೆ ಅವು ಹಾಗೆಯೇ ಅನ್ವಯಿಸುವುದಿಲ್ಲ. ಪ್ರಕಟವಾಗುವ ಎಷ್ಟೋ ತಪ್ಪು ತೀರ್ಮಾನಗಳ ಬೇರು ಇಲ್ಲಿದೆ ಎಂದು ನಮ್ಮ ಅಭಿಪ್ರಾಯ.

ತೊಡೆಮೂಳೆ, ಮೊಣಕಾಲ ಕೆಳಗಿನ ಮೂಳೆ, ಬೇಕಿದ್ದರೆ ಸೊಂಟದ ಮೂಳೆ ಇವನ್ನು ಮಾಂಸ ಕೆರೆದು ಮಂಜುಗಡ್ಡೆಯ ಮೇಲಿಡುತ್ತೇವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲದ ಪಿಬಿಎಸ್ ಎಂಬ ಉಪ್ಪಿನ ದ್ರಾವಣಕ್ಕೆ ಶೇ 2ರಷ್ಟು ಸೀರಂ, 2 ಮಿಲಿಮೋಲಾರ್ ಇಡಿಟಿಎ ಸೇರಿಸಿದರೆ ಕೋಶಗಳು ಗಂಟುಕಟ್ಟುವುದು ಕಡಿಮೆ. ಮಜ್ಜೆ ತೆಗೆಯಲು ಎರಡು ದಾರಿ. ಮೂಳೆಯ ಎರಡೂ ತುದಿ ಕತ್ತರಿಸಿ 23 ಅಥವಾ 25 ಗೇಜಿನ ಸೂಜಿಯಿಂದ ದ್ರಾವಣ ಹಾಯಿಸಿ ತೊಳೆಯುವುದು ಒಂದು. ಮೂಳೆ ಬೆಳ್ಳಗಾದರೆ ಮಜ್ಜೆ ಬಂತೆಂದು ಅರ್ಥ. ಕುಟ್ಟಾಣಿಯಲ್ಲಿ ಹಾಕಿ ಮೆಲ್ಲಗೆ ಜಜ್ಜುವುದು ಇನ್ನೊಂದು. ಮೂಳೆಯ ಒಳಗೋಡೆಗೆ ಅಂಟಿದ ಕೋಶಗಳೂ ಬೇಕಾದಾಗ ಜಜ್ಜುವುದೇ ಒಳ್ಳೆಯದು. ಜೋರಾಗಿ ಅರೆದರೆ ಮಾತ್ರ ಸತ್ತ ಕೋಶ ಹೆಚ್ಚುತ್ತದೆ. ಎರಡು ತೊಡೆಮೂಳೆ, ಎರಡು ಕೆಳಮೂಳೆಗಳಿಂದ 5 ಕೋಟಿಗೆ ಮೇಲ್ಪಟ್ಟು ಕೇಂದ್ರವಿರುವ ಕೋಶಗಳು ಸಿಗಬೇಕು. ಅದಕ್ಕಿಂತ ಬಹಳ ಕಡಿಮೆ ಬಂದರೆ ತೊಳೆಯುವುದರಲ್ಲಿ ಏನೋ ಉಳಿದಿದೆ.

ಸತ್ತ ಕೋಶಗಳಿಂದ ಸೋರಿದ ಡಿಎನ್‌ಎ ಅಂಟಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಆಗ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕುವುದು ರೂಢಿ. ಆದರೆ ಆ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು, ನಮ್ಮ ದ್ರಾವಣದಲ್ಲಿರುವ ಇಡಿಟಿಎ ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಡಿಎನ್‌ಏಸ್ ಹಾಕಿಯೂ ಗಂಟು ಬಿಡಲಿಲ್ಲವೆಂದರೆ ಮೊದಲು ಇದನ್ನು ನೋಡಬೇಕು. ಕೆಂಪು ಕಣಗಳನ್ನು ಒಡೆಯಲು ಅಮೋನಿಯಂ ಕ್ಲೋರೈಡ್, ಮಂಜಿನ ಮೇಲೆ ಕೆಲವೇ ನಿಮಿಷ, ನಂತರ ತಕ್ಷಣ ತೊಳೆತ. 40 ಮೈಕ್ರೋಮೀಟರ್ ಜಾಲರಿಯಲ್ಲಿ ಸೋಸಿ ಎಣಿಸಿದರೆ ಮಾದರಿ ಸಿದ್ಧ.

ಈಗ ಹೆಕ್ಕುವ ಕೆಲಸ. ಮಜ್ಜೆಯ ಬಹುಪಾಲು ಕೋಶಗಳು ಆಗಲೇ ಒಂದು ದಾರಿ ಹಿಡಿದವು. ಅವುಗಳ ಮೈಮೇಲಿನ ಗುರುತುಗಳಿಗೆ, ಅಂದರೆ ಟಿ ಕೋಶದ ಸಿಡಿ3, ಬಿ ಕೋಶದ ಬಿ220, ಮೈಲಾಯ್ಡ್ ಸಾಲಿನ (ನ್ಯೂಟ್ರೋಫಿಲ್, ಮೊನೊಸೈಟ್‌ಗಳ ಸಾಲು) ಜಿಆರ್-1 ಮತ್ತು ಸಿಡಿ11ಬಿ, ಕೆಂಪು ಸಾಲಿನ ಟೆರ್-119 ಇವುಗಳಿಗೆ ಪ್ರತಿಕಾಯ ಕಟ್ಟಿ ಅಯಸ್ಕಾಂತದಿಂದ ಎಳೆದು ಬಿಡುತ್ತೇವೆ. ಉಳಿದದ್ದರಲ್ಲಿ ಸ್ಕಾ-1 ಮತ್ತು ಸಿ-ಕಿಟ್ ಎರಡೂ ಇರುವ ಕೋಶಗಳಿಗೆ ಎಲ್‌ಎಸ್‌ಕೆ ಎಂದು ಹೆಸರು. ಇಡೀ ಮಜ್ಜೆಯಲ್ಲಿ ಅವು ಸಾವಿರಕ್ಕೆ ಒಂದರಷ್ಟು. ಎಲ್‌ಎಸ್‌ಕೆ ಎಂದರೆ ಕಾಂಡಕೋಶ ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ಅದರಲ್ಲಿ ಹೆಚ್ಚಿನವು ಬಹುಮುಖ ಪ್ರೊಜೆನಿಟರ್‌ಗಳು. ಇನ್ನೂ ಒಳಗೆ ಹೋಗಲು ಸಿಡಿ150 ಇರುವ, ಸಿಡಿ48 ಇಲ್ಲದ ಕೋಶಗಳನ್ನು ಆರಿಸುತ್ತೇವೆ. ಆಗ ಹತ್ತಾರು ಸಾವಿರ ಕೋಶಗಳಿಗೆ ಒಂದರ ಲೆಕ್ಕಕ್ಕೆ ಬರುತ್ತೇವೆ. ಕಾಗದದ ಲೆಕ್ಕದಲ್ಲಿ ಒಂದು ಇಲಿಯಿಂದ ಎರಡು ಮೂರು ಸಾವಿರ ಸಿಗಬೇಕು. ತೊಳೆತ, ಅಯಸ್ಕಾಂತ, ಯಂತ್ರ ಎಲ್ಲದರಲ್ಲೂ ನಷ್ಟವಾಗಿ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ಎಷ್ಟು ಇಲಿ ಬೇಕೆಂದು ಲೆಕ್ಕ ಹಾಕುವಾಗ ಈ ನಷ್ಟವನ್ನು ಮೊದಲೇ ಸೇರಿಸಿಕೊಳ್ಳಬೇಕು.

ಬಣ್ಣ ಕಟ್ಟುವ ಹಂತದಲ್ಲಿ, ಅಂದರೆ ಹೊಳೆಯುವ ಬಣ್ಣ ಹೊತ್ತ ಪ್ರತಿಕಾಯಗಳನ್ನು ಕೋಶದ ಗುರುತುಗಳಿಗೆ ಅಂಟಿಸುವಾಗ, ಕೆಲಸ ಕೆಡುವುದು ಸಣ್ಣ ಸಣ್ಣ ಕಾರಣಗಳಿಗೆ. ಸಿಡಿ150ರ ಹೊಳಪು ಮಂಕು, ಆದ್ದರಿಂದ ಅದಕ್ಕೆ ಪಿಇಯಂಥ ಪ್ರಖರ ಬಣ್ಣ ಕೊಡಬೇಕು. ಹೇರಳವಾಗಿರುವ ಗುರುತುಗಳಿಗೆ ಮಂದ ಬಣ್ಣ ಸಾಕು. ಪಿಇ-ಸೈ7ರಂಥ ಜೋಡಿ ಬಣ್ಣಗಳು ಬೆಳಕಿಗೆ ಒಡೆದು ಬರೀ ಪಿಇ ಆಗಿ ಹೊಳೆಯತೊಡಗುತ್ತವೆ. ಆಗ ಸಿಡಿ150 ಇಲ್ಲದ ಕೋಶವೂ ಇರುವಂತೆ ಕಾಣುತ್ತದೆ. ಟ್ಯೂಬಿಗೆ ಫಾಯಿಲ್ ಸುತ್ತುವುದು ಈ ಕಾರಣಕ್ಕೆ. ಸಿಡಿ34 ಪ್ರತಿಕಾಯ ಬಳಸುವುದಾದರೆ ಮಿಕ್ಕವುಗಳಿಗೆ ಸಾಕಾಗುವ 20–30 ನಿಮಿಷ ಇದಕ್ಕೆ ಸಾಲದು. ಮಂಜಿನ ಮೇಲೆ 60ರಿಂದ 90 ನಿಮಿಷ ಬೇಕು. ಬೇಗ ತೆಗೆದರೆ ಸಿಡಿ34 ಇರುವ ಕೋಶಗಳೂ ಇಲ್ಲದವುಗಳ ಸಾಲಿಗೆ ಬೀಳುತ್ತವೆ. ವಯಸ್ಕ ಇಲಿಯ ದೀರ್ಘಾವಧಿ ಕಾಂಡಕೋಶದಲ್ಲಿ ಸಿಡಿ34 ಇರುವುದಿಲ್ಲವಾದ್ದರಿಂದ ಈ ಕಲಬೆರಕೆ ನೇರ ನಮಗೆ ಬೇಕಾದ ಚೌಕದೊಳಗೇ ಆಗುತ್ತದೆ. ಎಳೆಯ ಇಲಿಯ ಕಾಂಡಕೋಶದಲ್ಲಿ ಸಿಡಿ34 ಇರುತ್ತದೆ, ಮನುಷ್ಯನ ಕಾಂಡಕೋಶದಲ್ಲೂ ಇರುತ್ತದೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬಾರದು. ಪ್ರತಿಕಾಯಗಳು ಎಲ್ಲೆಂದರಲ್ಲಿ ಅಂಟದಿರಲು, ಪ್ರತಿಕಾಯದ ಬಾಲವನ್ನು ಹಿಡಿಯುವ ಎಫ್‌ಸಿ ಗ್ರಾಹಿಗಳನ್ನು ಮೊದಲೇ ಮುಚ್ಚುವ ಪದ್ಧತಿಯಿದೆ. ಮುಚ್ಚುವುದಕ್ಕೆ ಬಳಸುವುದು ಸಿಡಿ16/32 ಪ್ರತಿಕಾಯ. ಆದರೆ ಮೈಲಾಯ್ಡ್ ಪ್ರೊಜೆನಿಟರ್‌ಗಳನ್ನು ವಿಂಗಡಿಸಲು ಬೇಕಾದ ಗುರುತೂ ಸಿಡಿ16/32 ಆದ್ದರಿಂದ, ಅವನ್ನೂ ನೋಡಬೇಕಿದ್ದರೆ ಬಣ್ಣ ಕಟ್ಟಿದ ಪ್ರತಿಕಾಯವನ್ನೇ ಮೊದಲು ಹಾಕಿ, ನಂತರ ಮಿಕ್ಕವನ್ನು ಹಾಕುತ್ತೇವೆ.

ಚೌಕದ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಕಣ್ಣಂದಾಜಿಗೆ ಬಿಡುವಂತಿಲ್ಲ. ಒಂದೊಂದೇ ಬಣ್ಣವನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹಾಕಿದ ಎಫ್‌ಎಮ್‌ಒ ಮಾದರಿಗಳನ್ನು ಜೊತೆಗಿಟ್ಟುಕೊಂಡರೆ, ಪಕ್ಕದ ಬಣ್ಣಗಳಿಂದ ಸೋರಿ ಬಂದ ಬೆಳಕು ಎಷ್ಟು, ನಿಜವಾದ ಹೊಳಪು ಎಷ್ಟು ಎಂದು ತಿಳಿಯುತ್ತದೆ. ಸತ್ತ ಕೋಶಗಳು ಎಲ್ಲ ಬಣ್ಣವನ್ನೂ ಹೀರುತ್ತವೆ. ಸತ್ತ ಕೋಶದೊಳಕ್ಕೆ ಮಾತ್ರ ನುಗ್ಗುವ ಡಿಎಪಿಐ ಅಥವಾ 7-ಎಎಡಿ ಬಣ್ಣ ಹಾಕಿ ಅವನ್ನು ಹೊರಗಿಡುತ್ತೇವೆ. ಅಂಟಿಕೊಂಡ ಜೋಡಿಗಳನ್ನೂ ಹೊರಗಿಡಬೇಕು. ಸಿ-ಕಿಟ್ ಇರುವ ಒಂದು ಕೋಶ, ಸ್ಕಾ-1 ಇರುವ ಇನ್ನೊಂದು ಕೋಶ ಅಂಟಿದರೆ ಯಂತ್ರಕ್ಕೆ ಅದು ಎಲ್‌ಎಸ್‌ಕೆಯಾಗಿ ಕಾಣುತ್ತದೆ. ಹುಡುಕುತ್ತಿರುವ ಕೋಶ ವಿರಳವಾದಷ್ಟೂ ಇಂಥ ಸುಳ್ಳು ಜೋಡಿಗಳ ಪಾಲು ದೊಡ್ಡದಾಗುತ್ತದೆ.

ವಿಂಗಡಣೆ ಯಂತ್ರದಲ್ಲಿ 100 ಮೈಕ್ರೋಮೀಟರ್ ನಳಿಕೆ, ತಗ್ಗಿದ ಒತ್ತಡ. ಸಮಯ ಹೆಚ್ಚು ಹಿಡಿದರೂ ಕೋಶಗಳು ಬದುಕುತ್ತವೆ. ಹಿಡಿಯುವ ಟ್ಯೂಬಿನ ಒಳಗೋಡೆಯನ್ನು ಸೀರಂನಿಂದ ಒದ್ದೆ ಮಾಡದಿದ್ದರೆ ಸಿಡಿದ ಹನಿಗಳು ಪ್ಲಾಸ್ಟಿಕ್ಕಿಗೆ ಅಂಟಿ ಒಣಗುತ್ತವೆ. ಯಂತ್ರ 500 ಎಂದು ಎಣಿಸಿರುತ್ತದೆ, ತಳದಲ್ಲಿ ಅದರ ಅರ್ಧವೂ ಇರುವುದಿಲ್ಲ. ಒಂದೊಂದು ಕುಳಿಗೆ ಒಂದೊಂದೇ ಕೋಶ ಹಾಕುವಾಗ ಹನಿ ಕುಳಿಯ ನಡುವೆ ಬೀಳುತ್ತಿದೆಯೇ ಎಂದು ಖಾಲಿ ತಟ್ಟೆಯ ಮುಚ್ಚಳದ ಮೇಲೆ ಮೊದಲು ಪರೀಕ್ಷಿಸಿಕೊಳ್ಳುತ್ತೇವೆ. 96 ಕುಳಿಯ ತಟ್ಟೆಯ ಅಂಚಿನ ಕುಳಿಗಳು ಬೇಗ ಆರುತ್ತವೆ, ಅವುಗಳಲ್ಲಿ ಬರೀ ದ್ರಾವಣ ತುಂಬಿ ಒಳಗಿನವನ್ನಷ್ಟೇ ಬಳಸುವುದು ಜಾಣತನ.

ಇಷ್ಟೆಲ್ಲ ಮಾಡಿದ ಮೇಲೂ ಟ್ಯೂಬಿನಲ್ಲಿರುವುದು ಕಾಂಡಕೋಶ ಎಂದು ನಾವು ಹೇಳುವುದಿಲ್ಲ, ಕಾಂಡಕೋಶ ಆಗಿರಬಹುದಾದದ್ದು ಎನ್ನುತ್ತೇವೆ. 1996ರಲ್ಲಿ ಜಪಾನಿನ ಸಂಶೋಧಕರು ಸಿಡಿ34 ಇಲ್ಲದ ಒಂದೇ ಒಂದು ಕೋಶವನ್ನು ಒಂದು ಇಲಿಗೆ ಕೊಟ್ಟಾಗ ಶೇ 21ರಷ್ಟು ಇಲಿಗಳಲ್ಲಿ ಮಾತ್ರ ದೀರ್ಘಕಾಲದ ರಕ್ತ ಮೂಡಿತು. 2005ರಲ್ಲಿ ಸಿಡಿ150–ಸಿಡಿ48 ಗುರುತುಗಳು ಬಂದ ಮೇಲೆ ಅದು ಅರ್ಧದ ಸಮೀಪಕ್ಕೆ ಏರಿತು. ಇದು ದೊಡ್ಡ ಸಾಧನೆ. ಆದರೂ ಅತ್ಯಂತ ಶುದ್ಧವಾದ ಚೌಕದಿಂದ ತೆಗೆದ ನೂರು ಕೋಶಗಳ ಆರ್‌ಎನ್‌ಎ ಓದಿದಾಗ ಅದರಲ್ಲಿ ಅರ್ಧದಷ್ಟು ಕೋಶಗಳ ಮಾತು ಬೇರೆಯವರದೇ ಆಗಿರಬಹುದೆಂಬುದನ್ನು ಮರೆಯಬಾರದು.

ಒಂದೊಂದು ಕೋಶದಿಂದ ತಟ್ಟೆಯಲ್ಲಿ ಏಳುವ ಗುಂಪುಗಳನ್ನು ಎಣಿಸುವ ಕಾಲೊನಿ ಪರೀಕ್ಷೆ ಇಲಿಗೆ ಕೊಟ್ಟು ನೋಡುವುದಕ್ಕಿಂತ ಸುಲಭ, ಬೇಗ ಮುಗಿಯುತ್ತದೆ. ಜೇನುತುಪ್ಪದಷ್ಟು ಮಂದವಾದ ಮೀಥೈಲ್‌ಸೆಲ್ಯುಲೋಸ್ ಮಾಧ್ಯಮಕ್ಕೆ ಎಸ್‌ಸಿಎಫ್, ಐಎಲ್-3, ಐಎಲ್-6, ಎರಿಥ್ರೋಪೊಯಿಟಿನ್ ಎಂಬ ಕೋಶ ಬೆಳೆಸುವ ಪ್ರೋಟೀನ್‌ಗಳನ್ನು ಬೆರೆಸಿ, 35 ಮಿಲಿಮೀಟರ್ ತಟ್ಟೆಗೆ 10,000ದಿಂದ 20,000 ವಿಂಗಡಿಸದ ಮಜ್ಜೆಕೋಶಗಳನ್ನು ಹಾಕುತ್ತೇವೆ. ಪಿಪೆಟ್ಟಿನಲ್ಲಿ ಇದನ್ನು ಅಳೆಯಲು ಹೋದರೆ ಗೋಡೆಗೆ ಅಂಟಿದ್ದು ಅಲ್ಲೇ ಉಳಿದು ಪ್ರತಿ ತಟ್ಟೆಗೂ ಬೇರೆ ಬೇರೆ ಪ್ರಮಾಣ ಬೀಳುತ್ತದೆ. ಮೊಂಡು ತುದಿಯ 16 ಗೇಜಿನ ಸೂಜಿ ಹಾಕಿದ ಸಿರಿಂಜಿನಿಂದ ತಟ್ಟೆಗೆ 1.1 ಮಿಲಿಲೀಟರ್ ಬಿಡಬೇಕು. ಪಕ್ಕದಲ್ಲಿ ನೀರಿನ ತಟ್ಟೆ ಇಡದಿದ್ದರೆ ಮಾಧ್ಯಮ ಆರುತ್ತದೆ. ಏಳರಿಂದ ಹನ್ನೆರಡು ದಿನಕ್ಕೆ ಎಣಿಕೆ. ಕೆಂಪು ಸಾಲಿನದು, ಗ್ರಾನ್ಯುಲೊಸೈಟ್–ಮ್ಯಾಕ್ರೋಫೇಜ್ ಸಾಲಿನದು, ಎಲ್ಲ ಬೆರೆತದ್ದು ಹೀಗೆ ಕಾಲೊನಿಗಳು ಕಾಣುತ್ತವೆ. ವಿಭೇದನ ಹೇಗೆ ನಡೆಯುತ್ತದೆಂದು ತೋರಿಸಲು ಇದು ಒಳ್ಳೆಯದು, ಸ್ವನವೀಕರಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಎಚ್ಚರ ನಮಗೆ ಬಂದದ್ದು ಕ್ಷೇತ್ರದ ಇತಿಹಾಸದಿಂದಲೇ. 1961ರಲ್ಲಿ ಟೊರೊಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ವಿಕಿರಣಕ್ಕೊಳಗಾದ ಇಲಿಗಳಿಗೆ ಮಜ್ಜೆ ಚುಚ್ಚಿ, ಹತ್ತು ದಿನದ ಹೊತ್ತಿಗೆ ಗುಲ್ಮದ ಮೇಲೆ ಗಂಟುಗಳು ಏಳುವುದನ್ನು ಕಂಡರು. ಸುಮಾರು ಹತ್ತು ಸಾವಿರ ಕೋಶಕ್ಕೆ ಒಂದು ಗಂಟು. ಒಂದೊಂದು ಗಂಟೂ ಒಂದೇ ಕೋಶದ ಸಂತತಿಯೆಂದು 1963ರಲ್ಲಿ ವಿಕಿರಣದಿಂದ ಮುರಿದು ಕೂಡಿದ ಕ್ರೋಮೊಸೋಮ್‌ಗಳ ಗುರುತು ಹಿಡಿದು ಸಾಬೀತಾಯಿತು. ಒಂದೇ ಕೋಶದಿಂದ ಹಲವು ಬಗೆ ಹುಟ್ಟಬಲ್ಲದು ಎಂಬುದಕ್ಕೆ ಅದೇ ತಳಪಾಯ. ಆದರೆ ಆ ಗಂಟುಗಳನ್ನು ಎಬ್ಬಿಸಿದವುಗಳಲ್ಲಿ ಹೆಚ್ಚಿನವು ದೀರ್ಘಾವಧಿ ಕಾಂಡಕೋಶಗಳಲ್ಲ, ಪ್ರೊಜೆನಿಟರ್‌ಗಳು ಎಂದು ನಂತರದ ಕೆಲಸ ತೋರಿಸಿತು. ಹತ್ತು ಹನ್ನೆರಡು ದಿನ ಕಾಯ್ದರೆ ಹತ್ತು ಹನ್ನೆರಡು ದಿನದ ಸಾಮರ್ಥ್ಯವಷ್ಟೇ ಕಾಣುತ್ತದೆ.

ಹೆಕ್ಕಿದ ಕೋಶವನ್ನು ತಟ್ಟೆಯಲ್ಲಿ ಬೆಳೆಸಿದರೆ ಏನಾಗುತ್ತದೆ ಎಂಬುದು ಈ ಇಡೀ ವಿಷಯದ ಹೃದಯ. ಸುಮಾರು ಎರಡು ದಿನ ಏನೂ ಆಗುವುದಿಲ್ಲ. ವಿಶ್ರಾಂತಿಯಿಂದ ಏಳಲು ಅದಕ್ಕೆ ಅಷ್ಟು ಹೊತ್ತು ಬೇಕು. ಮೊದಲ ವಿಭಜನೆಯಲ್ಲಿ ಮೂರು ಸಾಧ್ಯತೆಗಳು. ಎರಡೂ ಮಕ್ಕಳು ಕಾಂಡಕೋಶಗಳೇ ಆಗಬಹುದು, ಒಂದು ಉಳಿದು ಇನ್ನೊಂದು ಹೊರಡಬಹುದು, ಎರಡೂ ಹೊರಟು ಹೋಗಬಹುದು. ದೇಹದಲ್ಲಿ ಒಟ್ಟು ಸಂಖ್ಯೆ ಸ್ಥಿರವಾಗಿರಬೇಕಾದರೆ ಈ ಮೂರೂ ಸರಾಸರಿಯಲ್ಲಿ ಸಮತೂಕಕ್ಕೆ ಬರಬೇಕು. ಗಾಯ ಅಥವಾ ಕಸಿಯ ನಂತರ ಮೊದಲನೆಯದು ಹೆಚ್ಚಬೇಕು. ಎರಡು ಮಕ್ಕಳನ್ನೂ ಸೂಕ್ಷ್ಮ ಪಿಪೆಟ್ಟಿನಿಂದ ಬೇರ್ಪಡಿಸಿ ಬೇರೆ ಬೇರೆ ಕುಳಿಗೆ ಹಾಕಿ, ಎರಡರ ಸಂತತಿಯನ್ನೂ ಹೋಲಿಸುವುದು ಇದನ್ನು ತಿಳಿಯುವ ಹಳೆಯ ಮತ್ತು ಈಗಲೂ ನಂಬಲರ್ಹವಾದ ವಿಧಾನ. ಸತತ ಚಿತ್ರೀಕರಣದಿಂದ, ವಿಭಜನೆಯಲ್ಲಿ ಕೋಶದ ಕಸ ಜೀರ್ಣಿಸುವ ಲೈಸೊಸೋಮ್‌ಗಳು ಇಬ್ಬರು ಮಕ್ಕಳಿಗೆ ಅಸಮನಾಗಿ ಹಂಚಿಹೋಗಬಹುದು, ಆ ಹಂಚಿಕೆಗೂ ಮುಂದಿನ ನಡತೆಗೂ ನಂಟಿದೆ ಎಂದೂ ಗೊತ್ತಾಗಿದೆ.

ಎಸ್‌ಸಿಎಫ್, ಐಎಲ್-3, ಐಎಲ್-6 ಧಾರಾಳವಾಗಿ ಕೊಟ್ಟರೆ ಕೋಶಗಳು ಹೆಚ್ಚುತ್ತವೆ, ನೋಡಲು ಬಹಳ ಚೆನ್ನಾಗಿರುತ್ತದೆ. ಒಂದು ವಾರ ಕಳೆದು ಅವನ್ನು ಇಲಿಗೆ ಕೊಟ್ಟರೆ ದೀರ್ಘಕಾಲದ ರಕ್ತ ಹೆಚ್ಚುಕಮ್ಮಿ ಮೂಡುವುದೇ ಇಲ್ಲ. ಸಂಖ್ಯೆ ಬೆಳೆದಿದೆ, ಕಾಂಡತನ ಸೋರಿಹೋಗಿದೆ. ಸೀರಂ ಅಲ್ಬುಮಿನ್ ಕೂಡ ಇದರಲ್ಲಿ ಪಾಲುದಾರ. ಅದರ ಜೊತೆ ಬರುವ ಕಲ್ಮಶಗಳು ವಿಭೇದನದ ಕಡೆಗೆ ತಳ್ಳುತ್ತವೆ, ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ. 2019ರಲ್ಲಿ ಪ್ರಕಟವಾದ ವಿಧಾನ ಅಲ್ಬುಮಿನ್ ಬದಲು ಪಾಲಿವಿನೈಲ್ ಆಲ್ಕೊಹಾಲ್ ಬಳಸಿತು. ಥ್ರಾಂಬೊಪೊಯಿಟಿನ್ ಮಿಲಿಲೀಟರಿಗೆ 100 ನ್ಯಾನೋಗ್ರಾಂ, ಎಸ್‌ಸಿಎಫ್ ಬರೀ 10 ನ್ಯಾನೋಗ್ರಾಂ, ತಟ್ಟೆಗೆ ಫೈಬ್ರೊನೆಕ್ಟಿನ್ ಲೇಪ, ಎರಡು ಮೂರು ದಿನಕ್ಕೊಮ್ಮೆ ಹೊಸ ಮಾಧ್ಯಮ. ಈ ಪಾಕದಲ್ಲಿ ಒಂದು ತಿಂಗಳಲ್ಲಿ ಇಲಿಯ ಕೆಲಸ ಮಾಡಬಲ್ಲ ಕಾಂಡಕೋಶಗಳು 236ರಿಂದ 899 ಪಟ್ಟು ಹೆಚ್ಚಿದವು. ಇದನ್ನು ನಡೆಸುವಾಗ ಮಾಧ್ಯಮ ಬದಲಿಸುವ ಕೈ ಮೃದುವಾಗಿರಬೇಕು. ಕೋಶಗಳು ಲೇಪಕ್ಕೆ ಸಡಿಲವಾಗಿಯೇ ಅಂಟಿರುತ್ತವೆ, ಜೋರಾಗಿ ಹೀರಿದರೆ ಕಾಂಡಕೋಶಗಳೇ ಕಸಕ್ಕೆ ಹೋಗುತ್ತವೆ. ತಟ್ಟೆಯಲ್ಲಿ, ಪ್ಲೇಟ್‌ಲೆಟ್ ಹುಟ್ಟಿಸುವ ಮೆಗಾಕ್ಯಾರಿಯೊಸೈಟ್‌ನಂಥ ದೊಡ್ಡ ಕೋಶಗಳು ಕಂಡರೆ ಗಾಬರಿಯಾಗಬೇಕಿಲ್ಲ, ಥ್ರಾಂಬೊಪೊಯಿಟಿನ್ ಇದ್ದಲ್ಲಿ ಅವು ಬರುವುದೇ. ತಟ್ಟೆಯೆಲ್ಲ ಅವೇ ಆದಾಗ ಮಾತ್ರ ಅನುಮಾನ ಪಡಬೇಕು.

ಥ್ರಾಂಬೊಪೊಯಿಟಿನ್ ಪ್ಲೇಟ್‌ಲೆಟ್ ಹುಟ್ಟಿಸುವ ಹಾರ್ಮೋನ್ ತಾನೇ, ಕಾಂಡಕೋಶಕ್ಕೇಕೆ ಎಂದು ಹೊಸಬರು ಕೇಳುತ್ತಾರೆ. ಅದರ ಗ್ರಾಹಿ ಎಮ್‌ಪಿಎಲ್ ಕಾಂಡಕೋಶದ ಮೇಲೂ ಇದೆ. ಆ ಸಂಕೇತ ಇಲ್ಲದ ಇಲಿಗಳಲ್ಲಿ ಕಾಂಡಕೋಶಗಳೇ ಕ್ಷೀಣಿಸುತ್ತವೆ. ಮಜ್ಜೆಯೊಳಗೆ ರಕ್ತನಾಳಗಳ ಸುತ್ತಲಿನ ಕೋಶಗಳು ಎಸ್‌ಸಿಎಫ್ ಮತ್ತು ಸಿಎಕ್ಸ್‌ಸಿಎಲ್12 ಕೊಟ್ಟು ಕಾಂಡಕೋಶಗಳನ್ನು ಅಲ್ಲೇ ಹಿಡಿದಿಡುತ್ತವೆ. ಇಂಥದ್ದೊಂದು ನೆಲೆ ಇರಬೇಕೆಂದು ರೇ ಸ್ಕೊಫೀಲ್ಡ್ 1978ರಲ್ಲೇ ಊಹಿಸಿದ್ದರು. ನೆಲೆಯಿಂದ ಕಿತ್ತು ತಟ್ಟೆಗೆ ಹಾಕಿದ ಕ್ಷಣದಿಂದ ಆ ಸಂಕೇತಗಳನ್ನು ನಾವು ಕೈಯಾರೆ ಕೊಡಬೇಕಾಗುತ್ತದೆ. ಯಾವುದು ಹೆಚ್ಚಾದರೂ ಯಾವುದು ಕಡಿಮೆಯಾದರೂ ಕೋಶ ಹೊರಟುಬಿಡುತ್ತದೆ.

ಹೊರಟ ಕೋಶ ಯಾವ ದಾರಿ ಹಿಡಿಯುತ್ತದೆಂಬುದರಲ್ಲಿ ಜೀನ್‌ಗಳನ್ನು ನಡೆಸುವ ಪ್ರೋಟೀನ್‌ಗಳ ಪಾತ್ರ ದೊಡ್ಡದು. ಗಾಟಾ1 ಇಲ್ಲದೆ ಕೆಂಪು ಕಣ ಪಕ್ವವಾಗದು. ಮೈಲಾಯ್ಡ್ ಸಾಲಿಗೆ ಪಿಯು.1 ಬೇಕು. ಪ್ಯಾಕ್ಸ್5 ಇಲ್ಲದ ಬಿ-ಪೂರ್ವ ಕೋಶಗಳು ಬಿ ದಾರಿಯಲ್ಲಿ ನಿಲ್ಲಲಾರದೆ ಬೇರೆ ಬಗೆಯ ಕೋಶಗಳಾಗಬಲ್ಲವು ಎಂದು 1999ರಲ್ಲಿ ತಿಳಿಯಿತು. ಪಿಯು.1 ಮತ್ತು ಗಾಟಾ1 ಒಂದನ್ನೊಂದು ಅದುಮುತ್ತವೆ, ಆಕಸ್ಮಿಕವಾಗಿ ಯಾವುದರ ಪ್ರಮಾಣ ಮೇಲಾಯಿತೋ ಆ ದಾರಿ ಗಟ್ಟಿಯಾಗುತ್ತದೆ ಎಂಬ ಚಿತ್ರ ಬಹಳ ವರ್ಷ ಪಠ್ಯಗಳಲ್ಲಿತ್ತು. 2016ರಲ್ಲಿ ಎರಡಕ್ಕೂ ಬೇರೆ ಬೇರೆ ಬಣ್ಣ ಕಟ್ಟಿ ಜೀವಂತ ಕೋಶಗಳನ್ನು ದಿನಗಟ್ಟಲೆ ಹಿಂಬಾಲಿಸಿದಾಗ, ನಿರ್ಧಾರ ಶುರುವಾಗುವುದು ಆ ಏರಿಳಿತದಿಂದಲ್ಲ, ಆಗಲೇ ಆದ ನಿರ್ಧಾರವನ್ನು ಅವು ಗಟ್ಟಿಮಾಡುತ್ತವೆ ಎಂದು ಕಂಡಿತು. ಹಳೆಯ ಚಿತ್ರವನ್ನು ಇನ್ನೂ ಕಲಿಸುವವರು ಈ ತಿದ್ದುಪಡಿಯನ್ನೂ ಹೇಳಬೇಕು.

ಇನ್ನು ಕಸಿ. ಇಲ್ಲಿ ಅವಸರಕ್ಕೆ ಜಾಗವಿಲ್ಲ.

ಸಿಡಿ45 ಎಂಬ ಪ್ರೋಟೀನಿನ ಎರಡು ರೂಪಗಳಿವೆ. ದಾನಿ ಇಲಿ ಸಿಡಿ45.2, ಪಡೆಯುವ ಇಲಿ ಸಿಡಿ45.1 ಆದರೆ ಒಂದು ಹನಿ ರಕ್ತದಲ್ಲಿ ಯಾರ ಕೋಶ ಎಷ್ಟೆಂದು ಬಿಡಿಸಿ ಓದಬಹುದು. ಪಡೆಯುವ ಇಲಿಗೆ ಒಟ್ಟು 9ರಿಂದ 11 ಗ್ರೇ ವಿಕಿರಣ, ಮೂರು ನಾಲ್ಕು ಗಂಟೆ ಅಂತರದಲ್ಲಿ ಎರಡು ಪಾಲಾಗಿ ಕೊಡುತ್ತೇವೆ. ಒಟ್ಟಿಗೆ ಕೊಟ್ಟರೆ ಕರುಳಿಗೆ ಪೆಟ್ಟು ಹೆಚ್ಚು. ಮಜ್ಜೆ ಕೊಡದ ಒಂದೆರಡು ಇಲಿಗಳು ಪ್ರತಿ ಬಾರಿ ಇರಲೇಬೇಕು. ಅವು 10ರಿಂದ 14 ದಿನದ ಸುಮಾರಿಗೆ ಕುಸಿಯಬೇಕು. ನರಳುವ ಮೊದಲೇ ದಯಾಮರಣ ಕೊಡುವ ಹಂತಗಳನ್ನು ಮುಂಚೆಯೇ ಬರೆದಿಟ್ಟಿರುತ್ತೇವೆ. ಅವು ಚೇತರಿಸಿಕೊಂಡವೆಂದರೆ ವಿಕಿರಣ ಸಾಲದಾಗಿತ್ತು, ಇಲಿಯ ಸ್ವಂತ ಮಜ್ಜೆ ಉಳಿದಿತ್ತು, ಆ ಸುತ್ತಿನ ಲೆಕ್ಕವೆಲ್ಲ ಸಂಶಯಾಸ್ಪದ. ವಿಕಿರಣದ ನಂತರದ ಕೆಲವು ವಾರ ನೀರಿನಲ್ಲಿ ಪ್ರತಿಜೈವಿಕ, ಶುದ್ಧ ಪಂಜರ, ನೆಲದ ಮೇಲೇ ಮೆತ್ತನೆಯ ಆಹಾರ.

ಬೆರಳೆಣಿಕೆಯ ಕಾಂಡಕೋಶಗಳು ರಕ್ತ ಕೊಡಲು ವಾರಗಳು ಬೇಕು, ಅಷ್ಟರಲ್ಲಿ ಇಲಿ ಉಳಿಯುವುದಿಲ್ಲ. ಆದ್ದರಿಂದ ಪರೀಕ್ಷಿಸುವ ಕೋಶಗಳ ಜೊತೆ 2 ಲಕ್ಷ ಸಾಧಾರಣ ಮಜ್ಜೆಕೋಶಗಳನ್ನೂ ಬೆರೆಸುತ್ತೇವೆ. ಅವು ಇಲಿಯನ್ನು ಬದುಕಿಸುತ್ತವೆ, ಜೊತೆಗೆ ಸ್ಪರ್ಧಿಗಳೂ ಆಗುತ್ತವೆ; ನಮ್ಮ ಕೋಶದ ಬಲವನ್ನು ಅಳೆಯುವುದು ಅವುಗಳ ಎದುರಿಗೆ. ಬಾಲದ ರಕ್ತನಾಳಕ್ಕೆ 200 ಮೈಕ್ರೋಲೀಟರ್. ಚುಚ್ಚುವಾಗ ತಡೆ ಕಂಡರೆ, ಬಾಲದ ಚರ್ಮ ಬೆಳ್ಳಗೆ ಉಬ್ಬಿದರೆ ಸೂಜಿ ನಾಳದಲ್ಲಿಲ್ಲ. ಅಂಥ ಇಲಿಯನ್ನು ಅಲ್ಲೇ ಗುರುತು ಹಾಕಿಡಬೇಕು, ನಾಲ್ಕು ತಿಂಗಳ ನಂತರ ಅದರ ಸೊನ್ನೆಯನ್ನು ಕೋಶದ ಸೋಲೆಂದು ಬರೆಯದಿರಲು.

4, 8, 12, 16ನೇ ವಾರ ರಕ್ತ ತೆಗೆದು ನೋಡುತ್ತೇವೆ. ನಾಲ್ಕನೇ ವಾರದ ಅಂಕಿ ಪ್ರೊಜೆನಿಟರ್‌ಗಳ ಮಾತು, ಅದನ್ನು ನೋಡಿ ಹಿಗ್ಗಬಾರದು. ಹದಿನಾರನೇ ವಾರದಲ್ಲೂ ಮೊದಲು ನೋಡುವುದು ನ್ಯೂಟ್ರೋಫಿಲ್‌ನಂಥ ಗ್ರಾನ್ಯುಲೊಸೈಟ್‌ಗಳನ್ನು. ಅವು ಕೆಲವೇ ದಿನ ಬದುಕುವುದರಿಂದ ಇಂದು ಕಂಡವು ಇತ್ತೀಚೆಗೆ ಹುಟ್ಟಿದವೇ. ಅಂದರೆ ಮೇಲೆ ಕಾಂಡಕೋಶ ಇನ್ನೂ ಕೆಲಸ ಮಾಡುತ್ತಿದೆ. ಟಿ ಕೋಶಗಳು ತಿಂಗಳುಗಟ್ಟಲೆ ಉಳಿಯುತ್ತವೆ, ಬತ್ತಿಹೋದ ಪ್ರೊಜೆನಿಟರ್ ಬಿಟ್ಟುಹೋದ ಟಿ ಕೋಶಗಳು ಬಹಳ ಕಾಲ ಅಂಕಿಯನ್ನು ಎತ್ತಿ ಹಿಡಿಯುತ್ತವೆ. ಒಟ್ಟು ಬಿಳಿ ಕಣದ ಶೇಕಡಾವಾರು ಮಾತ್ರ ಕೊಟ್ಟು ಸಾಲುಗಳನ್ನು ಬೇರೆ ಮಾಡದ ಚಿತ್ರಪಟವನ್ನು ನಾವು ನಂಬುವುದಿಲ್ಲ. ಇನ್ನೊಂದು ಕುರುಡು ಕೋನವಿದೆ. ಸಿಡಿ45 ಪಕ್ವ ಕೆಂಪು ಕಣದ ಮೇಲೆ ಇಲ್ಲ, ಪ್ಲೇಟ್‌ಲೆಟ್ ಮೇಲೂ ಅದನ್ನು ನೆಚ್ಚುವಂತಿಲ್ಲ. ಆ ಎರಡು ಸಾಲು ಬೇಕೆಂದರೆ ಅವುಗಳಲ್ಲೂ ಹೊಳೆಯುವ ಪ್ರೋಟೀನ್ ಇರುವ ದಾನಿ ಇಲಿಯೇ ಬೇಕು. ಕಾಂಡಕೋಶಗಳಲ್ಲಿ ಕೆಲವು ಪ್ಲೇಟ್‌ಲೆಟ್ ಕಡೆಗೆ ವಾಲಿದವು ಎಂಬುದು ತಡವಾಗಿ ಬೆಳಕಿಗೆ ಬರಲು ಈ ಕುರುಡು ಕೋನವೂ ಒಂದು ಕಾರಣ.

ಎಷ್ಟು ಕಾಂಡಕೋಶಗಳಿವೆ ಎಂದು ಅಳೆಯಲು ಕೋಶಗಳ ಪ್ರಮಾಣವನ್ನು ಇಳಿಸುತ್ತಾ ಹಲವು ಗುಂಪು ಇಲಿಗಳಿಗೆ ಕೊಡುತ್ತೇವೆ. ಯಾವ ಪ್ರಮಾಣದಲ್ಲಿ ಶೇ 37ರಷ್ಟು ಇಲಿಗಳಲ್ಲಿ ಏನೂ ಮೂಡುವುದಿಲ್ಲವೋ, ಆ ಪ್ರಮಾಣದಲ್ಲಿ ಸರಾಸರಿ ಒಂದು ಕಾಂಡಕೋಶ ಇದೆ; ಇದು ಪಾಯ್ಸನ್ ಲೆಕ್ಕ. ಎಲ್ಲ ಗುಂಪಿನಲ್ಲೂ ಎಲ್ಲ ಇಲಿಗಳು ಯಶಸ್ವಿಯಾದರೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲ. ಸೊನ್ನೆ ಬಂದ ಇಲಿಗಳೇ ಇಲ್ಲಿ ಬೆಲೆಯುಳ್ಳವು.

ಸ್ವನವೀಕರಣಕ್ಕೆ ಇಷ್ಟೂ ಸಾಕ್ಷಿಯಲ್ಲ. ಒಂದೇ ಕೋಶ ಹದಿನಾರು ವಾರ ರಕ್ತ ಕೊಟ್ಟಿತೆಂದರೆ ಅದು ಬಲಶಾಲಿ ಎಂದಾಯಿತು, ತನ್ನಂಥದ್ದನ್ನು ಮಾಡಿತೆಂದು ಆಗಲಿಲ್ಲ. ಮೊದಲ ಇಲಿಯ ಮಜ್ಜೆ ತೆಗೆದು, 10 ಲಕ್ಷದಿಂದ 1 ಕೋಟಿ ಕೋಶಗಳನ್ನು ವಿಕಿರಣಕ್ಕೊಳಗಾದ ಹೊಸ ಇಲಿಗೆ ಕೊಟ್ಟು, ಮತ್ತೆ ಹದಿನಾರು ವಾರ ಕಾಯಬೇಕು. ಅಲ್ಲೂ ಎಲ್ಲ ಸಾಲುಗಳು ಮೂಡಿದರೆ ಮೊದಲ ಇಲಿಯೊಳಗೆ ಆ ಒಂದು ಕೋಶ ಹಲವಾಗಿತ್ತು ಎಂದೇ ಅರ್ಥ. ಎರಡನೇ ಇಲಿಯಲ್ಲಿ ಬರೀ ಟಿ ಮತ್ತು ಬಿ ಕೋಶಗಳು ಕಂಡರೆ ಅದು ಯಶಸ್ಸಲ್ಲ, ದೀರ್ಘಾಯುಷಿ ಲಿಂಫೋಸೈಟ್‌ಗಳು ಜೊತೆಗೆ ಸಾಗಿ ಬಂದಿವೆ. ಸಮಯದ ಒತ್ತಡದಲ್ಲಿ ಈ ಹಂತವನ್ನು ಬಿಟ್ಟುಬಿಡುವ ರೂಢಿ ಬೆಳೆಯುತ್ತಿದೆ. ಬಿಡುವುದಾದರೆ ಸ್ವನವೀಕರಣ ಎಂಬ ಮಾತನ್ನೂ ಬಿಡಬೇಕು.

ಕಸಿ ಒಂದು ತುರ್ತುಸ್ಥಿತಿ ಎಂಬುದೂ ನೆನಪಿರಬೇಕು. ಖಾಲಿಯಾದ ಮಜ್ಜೆಯಲ್ಲಿ ಕೋಶ ಏನು ಮಾಡಬಲ್ಲದು ಎಂದು ಅದು ಹೇಳುತ್ತದೆ, ಸಾಮಾನ್ಯ ದಿನಗಳಲ್ಲಿ ಏನು ಮಾಡುತ್ತದೆ ಎಂದಲ್ಲ. ಹೊಳೆಯುವಂತೆ ಮಾಡಿದ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಕೋಶ ವಿಭಜನೆಯಾದಂತೆಲ್ಲ ಮಸುಕಾಗುವುದನ್ನು ಅಳೆದ 2008ರ ಕೆಲಸದ ಪ್ರಕಾರ ಇಲಿಯ ಅತ್ಯಂತ ಸುಪ್ತ ಕಾಂಡಕೋಶಗಳು ಸುಮಾರು 145 ದಿನಕ್ಕೊಮ್ಮೆ, ಇಡೀ ಆಯುಷ್ಯದಲ್ಲಿ ಐದು ಬಾರಿಯಷ್ಟೇ ವಿಭಜಿಸುತ್ತವೆ. ಮನುಷ್ಯನಲ್ಲಿ, ಒಬ್ಬ ಆರೋಗ್ಯವಂತ ವಯಸ್ಕನ ಕೋಶಗಳಲ್ಲಿ ಸಹಜವಾಗಿ ಸೇರಿದ ಡಿಎನ್‌ಎ ಬದಲಾವಣೆಗಳನ್ನು ಓದಿ, ರಕ್ತ ಕೊಡುತ್ತಿರುವ ಕಾಂಡಕೋಶಗಳು 50,000ದಿಂದ 2 ಲಕ್ಷ ಇರಬಹುದೆಂದು 2018ರಲ್ಲಿ ಅಂದಾಜಾಯಿತು. ವಯಸ್ಸಾದ ಇಲಿಯಲ್ಲಿ ಕಾಂಡಕೋಶಗಳ ಸಂಖ್ಯೆ ಇಳಿಯುವುದಿಲ್ಲ, ಏರುತ್ತದೆ. ಆದರೆ ಒಂದೊಂದರ ಬಲ ತಗ್ಗಿರುತ್ತದೆ, ಮೈಲಾಯ್ಡ್ ಕಡೆಗೆ ವಾಲಿರುತ್ತವೆ. ಯಂತ್ರದಲ್ಲಿ ಎಣಿಸಿ ನಿಲ್ಲಿಸಿದವರಿಗೆ ಮುದಿ ಮಜ್ಜೆಯೇ ಎಳೆಯದಕ್ಕಿಂತ ಚೆನ್ನಾಗಿದೆ ಎನಿಸುತ್ತದೆ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಈ ಸಮಸ್ಯೆ ಹರಿತವಾಗುತ್ತದೆ. ರೋಗಿಗೆ ಕಸಿ ಮಾಡಲು ಕೊಡುವ ಕೋಶಗಳ ಚೀಲದಲ್ಲಿ ಎಣಿಸುವುದು ಸಿಡಿ34 ಇರುವ ಕೋಶಗಳನ್ನು. ದೇಹದ ತೂಕದ ಕಿಲೋಗೆ ಕನಿಷ್ಠ 20 ಲಕ್ಷ ಬೇಕೆಂಬುದು ರೂಢಿಯ ಮಿತಿ. ಅವುಗಳಲ್ಲಿ ಬಹುಪಾಲು ಪ್ರೊಜೆನಿಟರ್‌ಗಳೇ. ಸಿಡಿ38 ಮತ್ತು ಸಿಡಿ45ಆರ್‌ಎ ಇಲ್ಲದ, ಸಿಡಿ90 ಮತ್ತು ಸಿಡಿ49ಎಫ್ ಇರುವ ಸಣ್ಣ ಪಾಲಿನಲ್ಲಿ ನಿಜವಾದ ಕಾಂಡಕೋಶಗಳು ಸಿಗುತ್ತವೆ ಎಂದು 2011ರಿಂದ ಗೊತ್ತಿದ್ದರೂ ದಿನನಿತ್ಯದ ಎಣಿಕೆ ಅಷ್ಟು ಆಳಕ್ಕೆ ಹೋಗುವುದಿಲ್ಲ. ಚೀಲವನ್ನು, ಘನೀಕರಣದಲ್ಲಿ ಕೋಶಗಳನ್ನು ಕಾಯುವ ಡಿಎಮ್‌ಎಸ್‌ಒ ಶೇ 10ರಷ್ಟು ಸೇರಿಸಿ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ದ್ರವ ನೈಟ್ರೋಜನ್ನಿನ ಆವಿಯಲ್ಲಿಟ್ಟು, ಬೇಕಾದಾಗ 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ ಕೊಡುತ್ತಾರೆ. ಘನೀಕರಿಸುವ ಮುಂಚಿನ ಎಣಿಕೆಯನ್ನೇ ನೆಚ್ಚಿಕೊಂಡರೆ ಕರಗಿಸುವಾಗ ಸತ್ತವು ಲೆಕ್ಕದಲ್ಲೇ ಉಳಿಯುತ್ತವೆ. ಆದ್ದರಿಂದ ಚೀಲಕ್ಕೆ ಜೋಡಿಸಿದ ಸಣ್ಣ ಕೊಳವೆಯ ತುಣುಕನ್ನು ಮುಂಚೆ ಕರಗಿಸಿ, 7-ಎಎಡಿ ಹಾಕಿ, ಬದುಕಿರುವ ಸಿಡಿ34 ಕೋಶಗಳನ್ನು ಮತ್ತೆ ಎಣಿಸಬೇಕು. ಅದೇ ತುಣುಕಿನಿಂದ ಕಾಲೊನಿ ಪರೀಕ್ಷೆಗೂ ಹಾಕಬೇಕು. ಮನುಷ್ಯನ ಕೋಶಗಳಿಗೆ 14 ದಿನ ಬೇಕಾದ್ದರಿಂದ ಇದನ್ನು ರೋಗಿಯ ಮಜ್ಜೆಯನ್ನು ಔಷಧಿಯಿಂದ ಖಾಲಿಮಾಡುವ ದಿನಾಂಕಕ್ಕೆ ಎರಡು ವಾರ ಮುಂಚೆಯೇ ಶುರುಮಾಡಬೇಕು. ಸಿಡಿ34 ಎಣಿಕೆ ಸರಿಯಿದ್ದು ಕಾಲೊನಿ ಏಳದಿದ್ದರೆ ಆ ಚೀಲವನ್ನು ಕೊಡಬಾರದು. ಮಜ್ಜೆ ಖಾಲಿಮಾಡುವುದನ್ನು ಮುಂದೂಡಿ ಇನ್ನೊಂದು ಚೀಲ ಹುಡುಕಲು ಆಗ ಸಮಯವಿರುತ್ತದೆ.